ಕೌದಿಯ ಅಂಚು ಪದೇ ಪದೇ ಹರಿಯುತ್ತಿದೆ, ಯಾವ ಪಟ್ಟಿ ಹಾಕಿದರೆ ಬಾಳಿಕೆ ಬರುತ್ತದೆ?

ಕೌದಿ ಕೂಸು

ನಮ್ಮ ಅವ್ವ ಹೊಲಿದ ಒಂದು ಕೌದಿ ಇದೆ. ಮೇಲೆ ಅವಳ ಹಳೆಯ ಇಳಕಲ್ ಸೀರೆಗಳ ತುಂಡು, ಒಳಗೆ ಅಪ್ಪನ ಧೋತರ ನಾಲ್ಕು ಪದರ, ಕೆಳಗೆ ಹತ್ತಿ ಸೀರೆಯ ಅಸ್ತರು. 5 ಅಡಿ ಅಗಲ, 7 ಅಡಿ ಉದ್ದ. ಹೊದೆಯಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ನಡುವೆ ಒಂದು ಹೊಲಿಗೆಯೂ ಬಿಟ್ಟಿಲ್ಲ. ಕೆಟ್ಟಿರುವುದು ಅಂಚು ಮಾತ್ರ.

ಅವ್ವ ಆಗ ಬೇರೆ ಪಟ್ಟಿ ಹಾಕಿರಲಿಲ್ಲ. ಕೆಳಗಿನ ಅಸ್ತರನ್ನೇ ಎರಡು ಬೆರಳು ಜಾಸ್ತಿ ಬಿಟ್ಟು, ಮೇಲಕ್ಕೆ ಮಡಚಿ ಹೊಲಿದಿದ್ದಳು. ಐದಾರು ವರ್ಷದ ಹಿಂದೆ ಆ ಮಡಿಕೆ ಬಾಯಿ ಬಿಟ್ಟಿತು. ಅದರ ಮೇಲೇ ನಾನು ಒಂದು ಸುತ್ತು ಕೈಹೊಲಿಗೆ ಹಾಕಿದೆ. ಎರಡು ಮಳೆಗಾಲ ತಡೆಯಿತು. ಆಮೇಲೆ ಒಂದು ಅಂಗಡಿಗೆ ಕೊಟ್ಟೆ. ಅವರು ಮಿರಮಿರ ಮಿಂಚುವ ರೆಡಿಮೇಡ್ ಸ್ಯಾಟಿನ್ ಪಟ್ಟಿ ಇಟ್ಟು ಮಶೀನಿನಲ್ಲಿ ಹೊಡೆದುಕೊಟ್ಟರು. ಈಗ ತಮಾಷೆ ನೋಡಿ, ಪಟ್ಟಿಗೆ ಏನೂ ಆಗಿಲ್ಲ. ಪಕ್ಕದ ಕೌದಿಯೇ ಹೊಲಿಗೆಯ ಗೆರೆ ಹಿಡಿದು ಹರಿದಿದೆ.

ಈ ಸಲ ಸರಿಯಾಗಿ ಮಾಡಬೇಕು ಅಂತಿದ್ದೇನೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಹಾಕಲೋ, ನೇರ ಪಟ್ಟಿಯೋ? ಕೈಯಲ್ಲೋ, ಮಶೀನಲ್ಲೋ? ತಂಗಿಗೆ ಕೂಸಾಗಲಿದೆ, ಅದಕ್ಕೂ ಒಂದು ಸಣ್ಣ ಕೌದಿ ಶುರುಮಾಡಿದ್ದೇನೆ. ಅದರ ಅಂಚನ್ನಾದರೂ ಮೊದಲಿನಿಂದ ನೆಟ್ಟಗೆ ಮಾಡೋಣ ಅಂತ.

ಗದಗಿನ ಟೇಲರ್

ಅಕ್ಕಾವ್ರೆ, ಮೊದಲು ಒಂದು ಹೇಳಿ. ಯಾವ ಕಡೆ ಹರಿದಿದೆ? ನಾಲ್ಕೂ ಕಡೆ ಒಂದೇ ಸಮ ಹರಿದಿದೆಯಾ?

ಕೌದಿ ಕೂಸು

ಇಲ್ಲ ಅಣ್ಣಾ. ತಲೆಯ ಕಡೆ ಪೂರ್ತಿ. ಕಾಲಿನ ಕಡೆ ಎರಡು ಮೂಲೆ. ಬದಿಗಳು ಪರವಾಗಿಲ್ಲ.

ಗದಗಿನ ಟೇಲರ್

ಹಂಗಾದರೆ ಲೆಕ್ಕ ಸರಿಹೋಯಿತು. ತಲೆಯ ಕಡೆ ದಿನಾ ರಾತ್ರಿ ಹಿಡಿದು ಎಳೆಯುತ್ತೀರಿ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಗಂಡಸರ ಗಡ್ಡ ಎಲ್ಲ ತಾಗುವುದು ಅಲ್ಲೇ. ಮೂಲೆ ಹರಿಯುವುದು ಒಗೆಯುವಾಗ. ನೀರು ಕುಡಿದ ಕೌದಿ ಒಬ್ಬರಿಗೆ ಎತ್ತಲು ಆಗುವುದಿಲ್ಲ. ಇಬ್ಬರು ಮೂಲೆ ಹಿಡಿದು ಹಿಂಡುತ್ತಾರೆ. ಅಷ್ಟೂ ಭಾರ ಆ ನಾಲ್ಕು ಬೆರಳಿನ ಜಾಗದಲ್ಲಿ.

ಇನ್ನು ಸ್ಯಾಟಿನ್ ಪಟ್ಟಿಯ ಕಥೆ. ಅದು ಪಾಲಿಸ್ಟರ್, ದಾರವೂ ಪಾಲಿಸ್ಟರ್ ಇರಬೇಕು. ಕೆಳಗಿರುವುದು ಇಪ್ಪತ್ತು ವರ್ಷ ಒಗೆದು ಒಗೆದು ಮೆತ್ತಗಾದ ಹತ್ತಿ. ಗಟ್ಟಿ ಮತ್ತು ಮೆತ್ತನೆಯದು ಜಗ್ಗಾಡಿದರೆ ಹರಿಯುವುದು ಮೆತ್ತನೆಯದೇ. ಅದರ ಮೇಲೆ ಸಣ್ಣ ಟಾಕು (ಹೊಲಿಗೆ) ಹೊಡೆದಿರುತ್ತಾರೆ. ಹಳೇ ಬಟ್ಟೆಯ ಮೇಲೆ ಒತ್ತೊತ್ತಾಗಿ ಸೂಜಿ ಆಡಿಸಿದರೆ ಅಂಚೆಚೀಟಿಯ ಅಂಚಿನ ಹಾಗೆ ತೂತು ಬೀಳುತ್ತದೆ. ಆಮೇಲೆ ಒಮ್ಮೆ ಜಗ್ಗಿದರೆ ಸಾಕು.

ನನ್ನ ಮಾತು ಇಷ್ಟೇ. ಬೇರೆ ಪಟ್ಟಿ ಹಾಕಿ, ಹತ್ತಿಯದೇ ಹಾಕಿ, ಡಬಲ್ ಮಡಚಿ ಹಾಕಿ. ಮಶೀನಿಗೆ 16 ನಂಬರ್ ಸೂಜಿ, ಟಾಕು 3 ಮಿಲಿಮೀಟರಿಗಿಂತ ಸಣ್ಣದು ಬೇಡ.

ಬಾಡಿಗೆ ಮನೆ

ಇಷ್ಟೆಲ್ಲ ಯಾಕೆ? ಹೊಸ ರಜಾಯಿ ತಗೊಂಡರೆ ಮುಗೀತು.

ಮೈಸೂರಿನ ಅಜ್ಜಿ

ಮಗು, ರಜಾಯಿಗೆ ಬೇರೆ ಚರ್ಚೆ ಶುರುಮಾಡಪ್ಪ. ಇಲ್ಲಿ ನಡೀತಿರೋದು ಬೇರೆ ಮಾತು.

ಹಾಸುಹೊಕ್ಕು

ನಮ್ಮದು ನೇಕಾರರ ಮನೆ. ಹೊಲಿಗೆ ನನಗೆ ಅಷ್ಟಕ್ಕಷ್ಟೆ. ಬಟ್ಟೆ ಹರಿಯುವುದರ ಬಗ್ಗೆ ಹೇಳಬಲ್ಲೆ.

ಪಟ್ಟಿಯನ್ನು ಹಾಸಿನ, ಅಂದರೆ ಉದ್ದದ ನೂಲಿಗೆ ಸಮನಾಗಿ ಕತ್ತರಿಸಿ ಮಡಚಿದರೆ, ಮಡಿಕೆಯ ತುದಿಯಲ್ಲಿ ಈ ಕೊನೆಯಿಂದ ಆ ಕೊನೆಗೆ ಅದೇ ಎರಡು ಮೂರು ನೂಲು ಕೂರುತ್ತವೆ. ತಿಕ್ಕಾಟ ಎಲ್ಲ ಅವುಗಳ ಮೇಲೆ. ಒಂದು ಕಡೆ ಸವೆದು ಬಿಟ್ಟುಕೊಂಡಿತೋ, ಸೀಳು ಅದೇ ಗೆರೆ ಹಿಡಿದು ಓಡುತ್ತದೆ. ಹೊಕ್ಕಿನ, ಅಂದರೆ ಅಡ್ಡ ನೂಲಿನ ಕಡೆ ಕತ್ತರಿಸಿದರೂ ಇದೇ ಪಾಡು, ಸ್ವಲ್ಪ ಜಾಸ್ತಿ ಹಿಗ್ಗುತ್ತದೆ ಅಷ್ಟೆ. ಕ್ರಾಸ್ ಕತ್ತರಿಸಿದರೆ ಹಾಸು ಹೊಕ್ಕು ಎರಡೂ ಮಡಿಕೆಯನ್ನು ಓರೆಯಾಗಿ ದಾಟುತ್ತವೆ. ಒಂದು ನೂಲು ತುಂಡಾದರೆ ಅಲ್ಲಿ ಒಂದು ಚುಕ್ಕೆಯಷ್ಟು ಸವೆಯುತ್ತದೆ, ಉದ್ದಕ್ಕೆ ಸೀಳುವುದಿಲ್ಲ. ಅದಕ್ಕೇ ನನ್ನ ಓಟು ಕ್ರಾಸ್ ಪಟ್ಟಿಗೆ.

ಇನ್ನೊಂದು ಮಾತು. ಇಳಕಲ್ ಸೀರೆಯ ಗೋಮಿ ಅಂಚು, ಚಿಕ್ಕಿ ಅಂಚು ಚೆಂದ ಅಂತ ಅದನ್ನೇ ಕತ್ತರಿಸಿ ಕೌದಿಯ ಸುತ್ತ ಮಡಚುತ್ತಾರೆ. ಬೇಡ. ಎಷ್ಟೋ ಸೀರೆಯಲ್ಲಿ ಒಡಲು ಹತ್ತಿ, ಅಂಚು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತದೆ. ನೀರಿಗೆ ಬಿದ್ದಾಗ ಎರಡೂ ಒಂದೇ ಅಳತೆಗೆ ಕುಗ್ಗುವುದಿಲ್ಲ, ಸುಕ್ಕು ಹಿಡಿಯುತ್ತದೆ. ಆ ಅಂಚನ್ನು ಒಳಗಡೆ ಚೌಕಟ್ಟಿನ ಹಾಗೆ ಚಪ್ಪಟೆ ಇಟ್ಟು ಹೊಲಿಯಿರಿ. ನೋಡಲಿಕ್ಕೂ ಲಕ್ಷಣ.

ಗದಗಿನ ಟೇಲರ್

ನೇಕಾರಣ್ಣ ಹೇಳಿದ್ದು ಸರಿ. ಆದರೆ ಹೊಲಿಯುವವರ ಕಷ್ಟ ಬೇರೆ. ಕ್ರಾಸ್ ಪಟ್ಟಿ ಕೈಯಲ್ಲಿ ಹಿಡಿದರೆ ಸಾಕು ಜಗ್ಗುತ್ತದೆ. ಹೊಸಬರು ಹೊಲಿದರೆ ಕೌದಿಯ ಅಂಚು ಹಪ್ಪಳದ ಹಾಗೆ ಏಳುತ್ತದೆ. ಬ್ಲೌಸಿನ ಕುತ್ತಿಗೆಗೆ ಕ್ರಾಸ್ ಬೇಕೇ ಬೇಕು, ಅಲ್ಲಿ ಸುತ್ತು ಇದೆ. ಕೌದಿಗೆ ಇರುವುದು ನಾಲ್ಕು ನೇರ ಬದಿ. ನೇರ ಪಟ್ಟಿ ಡಬಲ್ ಹಾಕಿದರೆ ಹತ್ತು ಹದಿನೈದು ವರ್ಷ ಏನೂ ಆಗುವುದಿಲ್ಲ.

ಹಾಸುಹೊಕ್ಕು

ಏನೂ ಆಗುವುದಿಲ್ಲ ಅನ್ನುವ ಅಂಚೇ ಅಲ್ಲವಾ ಈಗ ಇಲ್ಲಿಗೆ ಬಂದಿರುವುದು?

ಗದಗಿನ ಟೇಲರ್

ಅದು ಪಟ್ಟಿಯೇ ಅಲ್ಲ ಮಾರಾಯರೆ, ಅಸ್ತರು ಮಡಚಿದ್ದು. ಮಡಿಕೆಯ ತುದಿಯಲ್ಲಿ ಒಂದೇ ಪದರ ಬಟ್ಟೆ. ಡಬಲ್ ಪಟ್ಟಿಯಲ್ಲಿ ತುದಿಗೆ ಎರಡು ಪದರ ಇರುತ್ತದೆ. ಮೇಲಿನದು ಸವೆದರೂ ಒಳಗಿನದು ಹಿಡಿದಿರುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಪಟ್ಟಿ ಹರಿದರೆ ಬಿಚ್ಚಿ ಎಸೆದು ಇನ್ನೊಂದು ಹಾಕಬಹುದು. ಅಸ್ತರು ಹರಿದರೆ ಏನು ಬಿಚ್ಚುತ್ತೀರಿ? ಅದು ಕೌದಿಯ ಮೈ.

ನ್ಯೂಜೆರ್ಸಿ ವೈನಿ

ಧಾರವಾಡದವಳು, ಈಗ ಇಲ್ಲಿ. ಇಲ್ಲಿಯವರ ಕ್ವಿಲ್ಟಿಂಗ್ ಕ್ಲಾಸಿಗೆ ಹೋಗಿ ಕಲಿತೆ. ಡಬಲ್ ಪಟ್ಟಿ ಅಂದರೆ ಇವರು 2.5 ಇಂಚು ಅಗಲ ಕತ್ತರಿಸಿ, ಉದ್ದಕ್ಕೆ ನಡುವೆ ಮಡಚಿ ಇಸ್ತ್ರಿ ಮಾಡುತ್ತಾರೆ. ಪಟ್ಟಿಯ ಕತ್ತರಿಸಿದ ಅಂಚನ್ನು ಕ್ವಿಲ್ಟಿನ ಮೇಲ್ಗಡೆ ಅದರ ಅಂಚಿಗೆ ಸಮ ಇಟ್ಟು, ಕಾಲು ಇಂಚು ಬಿಟ್ಟು ಮಶೀನ್ ಹೊಲಿಗೆ. ಆಮೇಲೆ ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್. ಪ್ರದರ್ಶನಕ್ಕೆ ಇಡುವವರು ಕೈಯಲ್ಲೇ ಮುಗಿಸುತ್ತಾರೆ. ಮಕ್ಕಳಿಗೆ, ದಿನಾ ವಾಶಿಂಗ್ ಮಶೀನಿಗೆ ಹಾಕುವುದಕ್ಕೆ ಆದರೆ ಎರಡೂ ಬದಿ ಮಶೀನ್.

ನಾನು ಮಾಡಿದ ತಪ್ಪು ಹೇಳುತ್ತೇನೆ. ಇದೇ 2.5 ಇಂಚಿನ ಪಟ್ಟಿಯನ್ನು ಊರಿಂದ ತಂದ ಕೌದಿಗೆ ಹಾಕಲು ಹೋದೆ. ಅರ್ಧ ಇಂಚು ಒಳಗೆ ಬಿಟ್ಟು ಹೊಲಿದು ತಿರುಗಿಸಿದರೆ ಹಿಂದಿನ ಹೊಲಿಗೆ ಮುಚ್ಚಲೇ ಇಲ್ಲ! ಪೂರ್ತಿ ಬಿಚ್ಚಿದೆ.

ತಲೆಯ ಕಡೆಗೆ ಇಲ್ಲಿಯವರ ಹಳೇ ಉಪಾಯ ಒಂದಿದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕ್ವಿಲ್ಟುಗಳಲ್ಲಿ ತಲೆಯ ಅಂಚಿಗೆ ಒಂದು ಗೇಣು ಅಗಲದ ಬಟ್ಟೆ ಮಡಚಿ ಸಡಿಲವಾಗಿ ಟಾಕು ಹಾಕಿರುತ್ತಿದ್ದರು. ಗಡ್ಡ ತಾಗಿ ಕ್ವಿಲ್ಟ್ ಸವೆಯಬಾರದು, ಕೊಳೆ ಆಗಬಾರದು ಅಂತ. ಕೊಳೆಯಾದಾಗ ಅದೊಂದನ್ನೇ ಬಿಚ್ಚಿ ಒಗೆಯುವುದು. ನಾವು ದಿಂಬಿಗೆ ಗವಸು ಹಾಕುತ್ತೇವಲ್ಲ, ಹಾಗೆ.

ಗದಗಿನ ಟೇಲರ್

ವೈನಿ, ನಿಮ್ಮ ಪಟ್ಟಿ ಸಾಲದೇ ಹೋಗಿದ್ದಕ್ಕೆ ಲೆಕ್ಕ ಇದೆ. ಅಂಚಿನಿಂದ ಎಷ್ಟು ಒಳಗೆ ಹೊಲಿಯುತ್ತೀರೋ ಅದರ ಆರರಷ್ಟು. ಅದಕ್ಕೆ ಕೌದಿಯ ದಪ್ಪ ಎರಡು ಸಲ ಕೂಡಿಸಿ. ಕಾಲು ಇಂಚು ಒಳಗೆ, ತೆಳು ಕ್ವಿಲ್ಟ್ ಆದರೆ 2.5 ಇಂಚು ಧಾರಾಳ. ನಮ್ಮ ಕೌದಿಗೆ ಕಾಲು ಇಂಚು ಸಾಲದು, ಅರ್ಧ ಇಂಚಾದರೂ ಹಿಡಿಯಬೇಕು. ಅಲ್ಲಿಗೆ 3 ಇಂಚು. ದಪ್ಪ ಕಾಲು ಇಂಚು ಅಂದುಕೊಂಡರೆ ಇನ್ನರ್ಧ. ಒಟ್ಟು 3.5. ತಿರುವುವಾಗ ಕೈಗೆ ಬರಲಿ ಅಂತ 3.75 ಕತ್ತರಿಸಿ.

ಉದ್ದದ ಲೆಕ್ಕ. ಅಕ್ಕಾವ್ರ ಕೌದಿ 60 ಇಂಚು, 84 ಇಂಚು. ಸುತ್ತಳತೆ 288. ಮೂಲೆಗೆ, ಕೊನೆಯ ಜೋಡಣೆಗೆ 12 ಇಂಚು ಸೇರಿಸಿ 300 ಇಟ್ಟುಕೊಳ್ಳಿ. 44 ಇಂಚು ಪನ್ನೆಯ (ಅಗಲದ) ಬಟ್ಟೆಯಲ್ಲಿ ನೇರ ಪಟ್ಟಿ 8 ಬೇಕು, ಅಂದರೆ 30 ಇಂಚು ಬಟ್ಟೆ. ಕ್ರಾಸ್ ಬೇಕು ಅಂದರೆ 36 ಇಂಚಿನ ಚೌಕದಲ್ಲಿ ಆಗುತ್ತದೆ. ಎರಡಕ್ಕೂ ಒಂದು ಮೀಟರ್ ತಗೊಂಡರೆ ಸಾಕು. ಪಾಪ್ಲಿನ್ ಒಳ್ಳೆಯದು, ಒಳಲಂಗಕ್ಕೆ ತರುತ್ತೀರಲ್ಲ ಅದೇ. ಟೂ ಬೈ ಟೂ ಬ್ಲೌಸ್ ಬಟ್ಟೆ ತೆಳು, ಬೇಡ. ತುಂಡುಗಳನ್ನು ಜೋಡಿಸುವಾಗ ಓರೆಯಾಗಿಯೇ ಜೋಡಿಸಿ. ನೇರ ಜೋಡಿಸಿದರೆ ಅಷ್ಟೂ ಪದರ ಒಂದೇ ಕಡೆ ಗುಡ್ಡೆಯಾಗಿ ಗಂಟು ಕಟ್ಟಿದ ಹಾಗೆ ಕಾಣುತ್ತದೆ.

ಮೈಸೂರಿನ ಅಜ್ಜಿ

ಲೆಕ್ಕ ಎಲ್ಲಾ ಚೆನ್ನಾಗಿದೆ. ಬಟ್ಟೆ ತಂದ ಕೂಡಲೇ ಕತ್ತರಿ ಹಾಕಬೇಡಿ. ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ. ಕೌದಿ ಎಷ್ಟೋ ಸಲ ನೀರು ಕಂಡಿದೆ, ಅದಿನ್ನು ಕುಗ್ಗಲ್ಲ. ಹೊಸ ಬಟ್ಟೆ ಕುಗ್ಗಿ ಅಂಚು ಜಗ್ಗಿಕೊಂಡು ದೋಣಿ ಥರ ಆಗುತ್ತೆ. ಕೆಂಪು, ಮೆರೂನ್ ಆದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಣ್ಣ ಬಿಡುತ್ತಾ ಅಂತ.

ಟೇಲರ್ ಅವರು ಕ್ರಾಸ್ ಜಗ್ಗುತ್ತೆ ಅಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಜಗ್ಗಲ್ಲ. ಹೊಲಿಯುವ ಮುಂಚೆ ಸುತ್ತಲೂ ಕಚ್ಚಾ, ಅಂದರೆ ಆಮೇಲೆ ಬಿಚ್ಚುವ ದೊಡ್ಡ ಹೊಲಿಗೆ, ಹಾಕಿಕೊಳ್ಳಿ. ನಾವು ಮಾಡ್ತಿದ್ದದ್ದು ಹಾಗೇ.

ಮುಖ್ಯವಾದದ್ದು ಯಾರೂ ಹೇಳಲಿಲ್ಲ. ಆ ಹಳೇ ಅಂಚಿಗೆ ಹೊಸ ಹೊಲಿಗೆ ಹಿಡಿಯುವ ಶಕ್ತಿ ಇದೆಯಾ? ತೂತು ಬಿದ್ದು ಜೀರ್ಣ ಆಗಿರೋ ಬಟ್ಟೆ. ಅದಕ್ಕೆ ಎಂಥ ಪಟ್ಟಿ ಹಾಕಿದರೂ ಮತ್ತೆ ಅಲ್ಲೇ ಕಿತ್ತು ಬರುತ್ತೆ. ಹೊಲಿಗೆ ಗಟ್ಟಿ ಬಟ್ಟೆಯಲ್ಲಿ ಬೀಳಬೇಕು. ಒಂದೋ ಕೆಟ್ಟ ಭಾಗ ಕತ್ತರಿಸಿ. ಇಲ್ಲಾ ಅಂಚಿನ ಮೇಲೂ ಕೆಳಗೂ ಮೂರು ಬೆರಳು ಅಗಲದ ತೇಪೆ ಇಟ್ಟು, ಮೊದಲು ಅದನ್ನು ಕೈಹೊಲಿಗೆಯಲ್ಲಿ ಕೂರಿಸಿ, ಆಮೇಲೆ ಪಟ್ಟಿಗೆ ಹೋಗಿ.

ಕೌದಿ ಕೂಸು

ಅಜ್ಜಿ, ಕತ್ತರಿಸುತ್ತೇನೆ ಅಂದಿದ್ದಕ್ಕೆ ಅವ್ವ ಎರಡು ದಿನ ಮಾತು ಬಿಟ್ಟಳು. ಕೌದಿಗೆ ಕತ್ತರಿ ತಾಗಿಸಬಾರದಂತೆ. ಸೀರೆ ಕತ್ತರಿಸಿಯೇ ಅಲ್ಲವಾ ಹೊಲಿದದ್ದು ಅಂದೆ. ಅದು ಬೇರೆ, ಇದು ಬೇರೆ ಅಂದಳು. ಹಾಗಾಗಿ ತ್ಯಾಪಿಯೇ ಗತಿ.

ಕಾಡಂಚಿನ ಮಾಸ್ತರ್

ಯಲ್ಲಾಪುರದ ಕಡೆ ಶಾಲೆಯಲ್ಲಿದ್ದೇನೆ. ಇಷ್ಟು ಹೊತ್ತು ಓದುತ್ತಿದ್ದೆ. ನೀವೆಲ್ಲ ಅಂಚನ್ನು ಕೊನೆಯ ಕೆಲಸ ಅಂದುಕೊಂಡೇ ಮಾತಾಡುತ್ತಿದ್ದೀರಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಅವರಿಗೆ ಅಂಚು ಮೊದಲ ಕೆಲಸ.

ಕೆಳಗೆ ಒಂದು ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ಅಸ್ತರಿನ ಅಂಚು ಒಳಗೆ ಮಡಚಿ, ಮೇಲಿನ ತುಂಡಿನ ಅಂಚನ್ನೂ ಒಳಗೆ ಮಡಚಿ, ಎಲ್ಲ ಪದರ ಹಿಡಿದು ಓಟದ ಹೊಲಿಗೆ ಹಾಕುತ್ತಾ ಸುತ್ತುತ್ತಾರೆ. ಅಂಚು ಮುಗಿಸಿ ಮತ್ತೊಂದು ಸುತ್ತು, ಅದರ ಒಳಗೆ ಇನ್ನೊಂದು. ಹಾಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದಾಗ ಕವಂದಿ ಮುಗಿಯುತ್ತದೆ. ಬೇರೆ ಪಟ್ಟಿಯ ಮಾತೇ ಇಲ್ಲ. ಕೊನೆಗೆ ನಾಲ್ಕು ಮೂಲೆಗೆ ಬಣ್ಣಬಣ್ಣದ ಬಟ್ಟೆ ಮಡಚಿ ತ್ರಿಕೋನ ಮಾಡಿ ಕೂರಿಸುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ, ಹೂವು. ಫುಲಾ ಇಲ್ಲದ ಕವಂದಿ ಬತ್ತಲೆ ಅಂತ ಹೇಳುವುದುಂಟು. ಅದು ಅಲಂಕಾರಕ್ಕೇ ಇಡುವುದು. ಆದರೆ ಟೇಲರ್ ಅಣ್ಣ ಮೂಲೆಯ ಮೇಲೆ ಭಾರ ಬೀಳುತ್ತದೆ ಅಂದಾಗ ನನಗೆ ನೆನಪಾದದ್ದು ಅದೇ. ಮೂಲೆಯಲ್ಲಿ ಅಷ್ಟು ಪದರ ಬಟ್ಟೆ ಕೂತರೆ ಗಟ್ಟಿಯಾಗದೆ ಇರುತ್ತದೆಯೇ?

ಹಾಸುಹೊಕ್ಕು

ಇದು ಚೆನ್ನಾಗಿದೆ ಮಾಸ್ತರೇ. ಅಂಚಿನಿಂದ ಶುರುಮಾಡಿದರೆ ಪದರಗಳು ಜಾರಿ ಕೊನೆಗೆ ಅಂಚಿನಲ್ಲಿ ಜೋಲುವ ಪ್ರಶ್ನೆಯೂ ಬರುವುದಿಲ್ಲ.

ಗದಗಿನ ಟೇಲರ್

ಜೋಲುವುದು ನಡುವೆ ಬರುತ್ತದೆ ಆಗ. ಕೈ ಪಳಗಿರಬೇಕು. ಅಂಚಿಗೆ ಪದರ ನಾಲ್ಕೈದು ಇರುತ್ತವೆ, ಅದು ಬಾಳಿಕೆಗೆ ಒಳ್ಳೆಯದೇ. ಆದರೆ ನನ್ನ ಮೊದಲಿನ ತಕರಾರು ಇದ್ದೇ ಇದೆ. ಸವೆದ ಮೇಲೆ ಬಿಚ್ಚಿ ಹಾಕಲು ಏನಿದೆ ಅಲ್ಲಿ?

ಕಾಡಂಚಿನ ಮಾಸ್ತರ್

ಬಿಚ್ಚುವುದು ಯಾಕೆ? ಸವೆದ ಕಡೆ ಇನ್ನೊಂದು ತುಂಡು ಇಟ್ಟು ಹೊಲಿಯುವುದು. ಕವಂದಿಯ ಮೈತುಂಬ ತುಂಡುಗಳೇ. ಇನ್ನೊಂದು ಸೇರಿದರೆ ಯಾರಿಗೆ ಗೊತ್ತಾಗುತ್ತದೆ? ಪಟ್ಟಿ ಹಾಕಿದ ಅಂಚಿಗೆ ತ್ಯಾಪಿ ಹಾಕಿದರೆ ಎದ್ದು ಕಾಣುತ್ತದೆ. ಅದಕ್ಕೇ ನಿಮಗೆ ಬಿಚ್ಚುವ ಚಿಂತೆ.

ಗದಗಿನ ಟೇಲರ್

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ, ಒಪ್ಪಿದೆ. ಕೂಸಿನ ಕೌದಿಗೆ ಅಕ್ಕಾವ್ರು ಹಂಗೇ ಮಾಡಲಿ. ದೊಡ್ಡದಕ್ಕೆ ಪಟ್ಟಿಯೇ ಸರಿ, ಅದರ ಅಂಚು ಈಗಾಗಲೇ ಹೋಗಿದೆ.

ಮೂಲೆ ತಿರುಗಿಸುವುದನ್ನು ಹೇಳಿಬಿಡುತ್ತೇನೆ, ಎಲ್ಲರೂ ಎಡವುವುದು ಅಲ್ಲಿ. ಮೂಲೆಯಿಂದ ಹೊಲಿಗೆ ಶುರುಮಾಡಬೇಡಿ, ಬದಿಯ ನಡುವಿನಿಂದ ಶುರುಮಾಡಿ. ಮೊದಲ ಒಂದು ಗೇಣು ಪಟ್ಟಿ ಹೊಲಿಯದೆ ಬಿಡಿ, ಕೊನೆಗೆ ಜೋಡಿಸಲು ಬೇಕು. ಮೂಲೆ ಅರ್ಧ ಇಂಚು ಇರುವಾಗ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿದರೆ ಓರೆ ಗೆರೆ ಬರುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮುಂದಿನ ಬದಿಯ ಮೇಲೆ ಕೆಳಕ್ಕೆ ತನ್ನಿ. ಮೇಲಿನ ಮಡಿಕೆ ಮುಗಿದ ಬದಿಯ ಅಂಚಿಗೆ ಸಮ ಕೂರಬೇಕು. ಅಲ್ಲಿಂದ ಮತ್ತೆ ಹೊಲಿಗೆ. ತಿರುಗಿಸಿದಾಗ ಫೋಟೋ ಫ್ರೇಮಿನ ಮೂಲೆಯ ಹಾಗೆ ಬರುತ್ತದೆ. ದಪ್ಪ ಕೌದಿಯಾದರೆ ಮಶೀನ್ ಒದ್ದಾಡುತ್ತದೆ. ಅಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಮೈಸೂರಿನ ಅಜ್ಜಿ

ಹಿಂದಿನ ಹೆಮ್ಮಿಂಗ್‌ಗೆ ಹತ್ತಿ ದಾರ, ಎರಡು ಎಳೆ, ಮೇಣದ ಬತ್ತಿಗೆ ಉಜ್ಜಿ. ಕಾಲು ಇಂಚಿಗೊಂದು ಹೊಲಿಗೆ. ಗೇಣಿಗೊಂದು ಗಂಟು ಹಾಕುತ್ತಾ ಹೋಗಿ, ಒಂದು ಕಡೆ ದಾರ ಹರಿದರೆ ಪೂರ್ತಿ ಬಿಚ್ಚಿಕೊಳ್ಳಲ್ಲ.

ಕೌದಿ ಕೂಸು (ಮೂರು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಸ್ಯಾಟಿನ್ ಬಿಚ್ಚಲು ಎರಡು ಮಧ್ಯಾಹ್ನ ಬೇಕಾಯಿತು. ಅದರಡಿ ಅವ್ವನ ಹಳೇ ಮಡಿಕೆ, ಅದರ ಮೇಲೆ ನನ್ನ ಕೈಹೊಲಿಗೆ, ಎಲ್ಲ ಹಾಗೇ ಇತ್ತು. ತಲೆಯ ಕಡೆ ಮತ್ತು ಎರಡು ಮೂಲೆಗೆ ಅಪ್ಪನ ಇನ್ನೊಂದು ಧೋತರದ ತ್ಯಾಪಿ ಎರಡೂ ಬದಿ ಹಚ್ಚಿದೆ. ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಕಡುನೀಲಿ ಪಾಪ್ಲಿನ್ ಒಂದು ಮೀಟರ್ ತಂದೆ. ನೆನೆಸಿದೆ. ಬಕೆಟ್ ನೀರೆಲ್ಲ ನೀಲಿ! ಮೂರು ಸಲ ತೊಳೆದ ಮೇಲೆ ಬಿಳಿ ಬಟ್ಟೆಗೆ ಹತ್ತುವುದು ನಿಂತಿತು. ಅಜ್ಜಿ ಹೇಳದಿದ್ದರೆ ಧೋತರದ ತುಂಬ ನೀಲಿ ಆಗುತ್ತಿತ್ತು.

ಕ್ರಾಸೇ ಕತ್ತರಿಸಿದೆ. ಗಂಜಿ ಹಾಕಿದ್ದಕ್ಕೆ ಹೇಳಿದ ಮಾತು ಕೇಳಿತು. ಟೇಲರ್ ಅಣ್ಣಾ, ಹಪ್ಪಳ ಎದ್ದಿಲ್ಲ. ಒಂದು ಬದಿಯಲ್ಲಿ ಮಾತ್ರ ಸ್ವಲ್ಪ ಸಂಡಿಗೆ. ಮಶೀನ್ ಮುಗಿಸಿ ಹೆಮ್ಮಿಂಗ್‌ಗೆ ಕೂತೆ. ಅವ್ವ ನೋಡುತ್ತಾ ಇದ್ದವಳು, ಇಷ್ಟು ದೂರ ದೂರ ಹೊಲಿಗೆ ಹಾಕಿದರೆ ಇಲಿ ನುಗ್ಗುತ್ತದೆ ಅಂತ ಸೂಜಿ ಕಸಿದುಕೊಂಡಳು. ಈಗ ದಿನಾ ಒಂದು ಗಂಟೆ ಅವಳೇ ಹಾಕುತ್ತಿದ್ದಾಳೆ. ಕತ್ತರಿಯ ಮಾತು ಮರೆತಿದ್ದಾಳೆ, ನೀವ್ಯಾರೂ ನೆನಪು ಮಾಡಬೇಡಿ.

ವೈನಿ, ತಲೆಯ ಕಡೆ ನೀವು ಹೇಳಿದ ಗವಸನ್ನೂ ಹಾಕಬೇಕು ಅಂತಿದ್ದೇನೆ.

ಕೂಸಿನದು ಮಾಸ್ತರು ಹೇಳಿದ ಹಾಗೆ ಅಂಚಿನಿಂದ ಶುರುಮಾಡಿದ್ದೇನೆ. ಎರಡು ಸುತ್ತು ಆಗಿದೆ.

ನ್ಯೂಜೆರ್ಸಿ ವೈನಿ

ಗವಸಿಗೆ ಮೆತ್ತನೆಯ ಮಲ್ ಬಟ್ಟೆ ಹಾಕು, ಮುಖಕ್ಕೆ ತಾಗುವುದು ಅದೇ ಅಲ್ವಾ. ಟಾಕು ದೊಡ್ಡದಿರಲಿ, ಬಿಚ್ಚಲು ಸುಲಭ.

ಗದಗಿನ ಟೇಲರ್

ಮೂಲೆ ಹೆಂಗೆ ಬಂತು ಹೇಳಲೇ ಇಲ್ಲ ನೀವು.

ಕೌದಿ ಕೂಸು

ಮೂರು ಮೂಲೆ ಫೋಟೋ ಫ್ರೇಮ್. ನಾಲ್ಕನೆಯದು ಜಿಲೇಬಿ. ಬಿಚ್ಚುವುದಿಲ್ಲ, ಅದರ ಮೇಲೆ ಒಂದು ಫುಲಾ ಕೂರಿಸುತ್ತೇನೆ.

ಕಾಡಂಚಿನ ಮಾಸ್ತರ್

ಒಂದೇ ಮೂಲೆಗೆ ಇಟ್ಟರೆ ಹೇಗೆ? ಉಳಿದ ಮೂರಕ್ಕೂ ಇಡಿ.